ಜಿಲ್ಲೆ–ತಾಲ್ಲೂಕು ಡ್ರಾಪ್‌ಡೌನ್: ಸಲ್ಲಿಸಿದ ಮೇಲೆ ಪಟ್ಟಿ ಖಾಲಿಯಾಗುತ್ತದೆ, ದಾಖಲೆಯೂ ಸೇವ್ ಆಗುವುದಿಲ್ಲ

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಎಸ್‌ಪಿ ಡಾಟ್ ನೆಟ್ ಕೋರ್ ಎಂವಿಸಿಯಲ್ಲಿ (ಜಾಲತಾಣ ಕಟ್ಟಲು ಬಳಸುವ ಮೈಕ್ರೋಸಾಫ್ಟ್‌ನ ಚೌಕಟ್ಟು) ತರಬೇತಿ ಶಿಬಿರದ ಅರ್ಜಿಗಾಗಿ ಒಂದು ಫಾರ್ಮ್ ಸಿದ್ಧಪಡಿಸುತ್ತಿದ್ದೇನೆ. ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆಗಳ ಜೊತೆಗೆ ಅದರಲ್ಲಿ ಎರಡು ಡ್ರಾಪ್‌ಡೌನ್‌ಗಳಿವೆ. ಮೊದಲನೆಯದರಲ್ಲಿ ಕರ್ನಾಟಕದ 31 ಜಿಲ್ಲೆಗಳು ಬರುತ್ತವೆ; ಜಿಲ್ಲೆಯನ್ನು ಆರಿಸಿದ ಮೇಲೆ ಎರಡನೆಯದರಲ್ಲಿ ಆ ಜಿಲ್ಲೆಯ ತಾಲ್ಲೂಕುಗಳು ಮಾತ್ರ ತುಂಬಿಕೊಳ್ಳಬೇಕು.

ಇದಕ್ಕಾಗಿ ಒಂದು ವ್ಯೂ ಮಾಡೆಲ್ (ಪುಟಕ್ಕೆ ಬೇಕಾದ ಮಾಹಿತಿಯನ್ನು ಹೊರುವ ಕ್ಲಾಸ್) ಬರೆದಿದ್ದೇನೆ. ಆಯ್ಕೆಯಾದ ಮೌಲ್ಯಗಳಿಗೆ ಡಿಸ್ಟ್ರಿಕ್ಟ್‌ಐಡಿ, ತಾಲೂಕ್‌ಐಡಿ ಎಂಬ ಎರಡು ಇಂಟ್ ಪ್ರಾಪರ್ಟಿಗಳಿವೆ. ಪಟ್ಟಿಗಳಿಗೆ ಡಿಸ್ಟ್ರಿಕ್ಟ್ಸ್, ತಾಲೂಕ್ಸ್ ಎಂಬ ಸೆಲೆಕ್ಟ್‌ಲಿಸ್ಟ್‌ಐಟಂ ಸಂಗ್ರಹಗಳಿವೆ. ವ್ಯೂನಲ್ಲಿ ಸೆಲೆಕ್ಟ್ ಟ್ಯಾಗ್‌ಗೆ ಎಎಸ್‌ಪಿ-ಫಾರ್ ಮೂಲಕ ಐಡಿಯನ್ನೂ ಎಎಸ್‌ಪಿ-ಐಟಮ್ಸ್ ಮೂಲಕ ಪಟ್ಟಿಯನ್ನೂ ಜೋಡಿಸಿದ್ದೇನೆ. ಗೆಟ್ ಆಕ್ಷನ್‌ನಲ್ಲಿ (ಪುಟ ತೆರೆಯುವಾಗ ಸರ್ವರ್‌ನಲ್ಲಿ ನಡೆಯುವ ಮೆಥಡ್) ಡೇಟಾಬೇಸ್‌ನಿಂದ ಪಟ್ಟಿ ತಂದು ಮಾಡೆಲ್‌ಗೆ ತುಂಬುತ್ತೇನೆ, ಪುಟ ಸರಿಯಾಗಿಯೇ ತೆರೆದುಕೊಳ್ಳುತ್ತದೆ.

ತೊಂದರೆ ಸಲ್ಲಿಸಿದ ನಂತರದ್ದು. ಎಲ್ಲ ವಿವರಗಳನ್ನೂ ಭರ್ತಿ ಮಾಡಿ ಸಬ್ಮಿಟ್ ಒತ್ತಿದರೆ ಅದೇ ಪುಟ ಮರಳಿ ಬರುತ್ತದೆ. ಹೆಸರು, ದಿನಾಂಕ, ಮೊಬೈಲ್ ಸಂಖ್ಯೆ ಬರೆದಂತೆಯೇ ಉಳಿದಿರುತ್ತವೆ, ಆದರೆ ಎರಡೂ ಡ್ರಾಪ್‌ಡೌನ್‌ಗಳು ಖಾಲಿಯಾಗಿರುತ್ತವೆ. ಎಲ್ಲಿಯೂ ಕೆಂಪು ಅಕ್ಷರದ ದೋಷಸಂದೇಶ ಕಾಣುವುದಿಲ್ಲ, ಎಕ್ಸೆಪ್ಷನ್ ಬರುವುದಿಲ್ಲ, ಟೇಬಲ್‌ನಲ್ಲಿ ಹೊಸ ಸಾಲೂ ಸೇರಿರುವುದಿಲ್ಲ. ಡಿಬಗರ್‌ನಲ್ಲಿ ನೋಡಿದರೆ ಡಿಸ್ಟ್ರಿಕ್ಟ್‌ಐಡಿ ಮತ್ತು ತಾಲೂಕ್‌ಐಡಿಗಳಲ್ಲಿ ನಾನು ಆರಿಸಿದ ಸಂಖ್ಯೆಗಳೇ ಇವೆ, ಡಿಸ್ಟ್ರಿಕ್ಟ್ಸ್ ಮತ್ತು ತಾಲೂಕ್ಸ್ ಮಾತ್ರ ನಲ್ (ಮೌಲ್ಯವೇ ಇಲ್ಲದ ಸ್ಥಿತಿ) ಆಗಿವೆ. ಬೈಂಡಿಂಗ್ (ಫಾರ್ಮಿನಿಂದ ಬಂದ ಮೌಲ್ಯಗಳನ್ನು ಮಾಡೆಲ್‌ಗೆ ತುಂಬುವ ಕೆಲಸ) ಅರ್ಧ ಮಾತ್ರ ಆಗುತ್ತಿದೆಯೇ? ಪಟ್ಟಿಯೂ ಮರಳಿ ಬರುವಂತೆ ಮಾಡುವ ವಿಧಾನವನ್ನು ತಿಳಿದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಕಣಜ

ತುಂಗಾತೀರ ಅವರೇ, ನಿಮ್ಮ ಬೈಂಡಿಂಗ್ ಪೂರ್ತಿಯಾಗಿಯೇ ಆಗಿದೆ. ಪಟ್ಟಿ ಮರಳಿ ಬರಬೇಕೆಂಬ ನಿರೀಕ್ಷೆಯನ್ನು ಮಾತ್ರ ಬಿಡಬೇಕು. ಬ್ರೌಸರ್ ಫಾರ್ಮನ್ನು ಕಳುಹಿಸುವಾಗ ಒಂದು ಸೆಲೆಕ್ಟ್ ಟ್ಯಾಗ್‌ನಿಂದ ಹೋಗುವುದು ಅದರ ನೇಮ್ ಮತ್ತು ಆಯ್ಕೆಯಾದ ಆಪ್ಷನ್‌ನ ವ್ಯಾಲ್ಯೂ ಎಂಬ ಒಂದೇ ಜೋಡಿ. ಉಳಿದ ಮೂವತ್ತು ಜಿಲ್ಲೆಗಳ ಹೆಸರುಗಳಾಗಲಿ, ಆರಿಸಿದ ಜಿಲ್ಲೆಯ ಹೆಸರಾಗಲಿ ಸರ್ವರ್‌ಗೆ ಹೋಗುವುದೇ ಇಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಭಾಗವನ್ನು ತೆರೆದು, ಸಬ್ಮಿಟ್ ಒತ್ತಿದ ಮೇಲೆ ಪೇಲೋಡ್ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹಾಗಾಗಿ ಸರ್ವರ್ ಹೊಸದಾಗಿ ಸೃಷ್ಟಿಸಿದ ವ್ಯೂ ಮಾಡೆಲ್‌ನಲ್ಲಿ ಐಡಿಗಳು ತುಂಬಿಕೊಂಡಿವೆ. ಪಟ್ಟಿಗಳಿಗೆ ತುಂಬಲು ಏನೂ ಬಂದಿಲ್ಲವಾದ್ದರಿಂದ ಅವು ನಲ್ ಆಗಿವೆ.

ಇಷ್ಟೇ ಆಗಿದ್ದರೆ ದಾಖಲೆ ಸೇವ್ ಆಗಬೇಕಿತ್ತು. ಆಗದಿರುವುದಕ್ಕೆ ಕಾರಣ ಬೇರೆ ಇದೆ. ನಿಮ್ಮ ಪ್ರಾಜೆಕ್ಟ್ ಡಾಟ್ ನೆಟ್ 6 ಅಥವಾ ಅದರ ನಂತರದ ಟೆಂಪ್ಲೇಟ್‌ನಿಂದ ಆರಂಭವಾಗಿದ್ದರೆ ಅದರಲ್ಲಿ ನಲ್ಲಬಲ್ ಎಂಬ ಸೆಟ್ಟಿಂಗ್ ಮೊದಲೇ ಚಾಲ್ತಿಯಲ್ಲಿರುತ್ತದೆ. ಆ ಸೆಟ್ಟಿಂಗ್ ಇದ್ದಾಗ, ಪ್ರಶ್ನಾರ್ಥಕ ಚಿಹ್ನೆಯಿಲ್ಲದೆ ಘೋಷಿಸಿದ ಪ್ರತಿಯೊಂದು ರೆಫರೆನ್ಸ್ ಪ್ರಾಪರ್ಟಿಯ ಮೇಲೂ ರಿಕ್ವಯರ್ಡ್ ಆಟ್ರಿಬ್ಯೂಟ್ ಇದೆಯೆಂದೇ ಎಂವಿಸಿ ಭಾವಿಸುತ್ತದೆ. ನಿಮ್ಮ ಎರಡೂ ಪಟ್ಟಿಗಳು ಹೀಗೆ ಕಡ್ಡಾಯದ ಪ್ರಾಪರ್ಟಿಗಳಾಗಿವೆ, ಅವು ನಲ್ ಆಗಿರುವುದರಿಂದ ಮಾಡೆಲ್‌ಸ್ಟೇಟ್ (ಬಂದ ಮೌಲ್ಯಗಳನ್ನೂ ಅವುಗಳ ದೋಷಗಳನ್ನೂ ದಾಖಲಿಸುವ ವಸ್ತು) ಅಸಿಂಧುವಾಗುತ್ತದೆ, ಸೇವ್ ಮಾಡುವ ಸಾಲಿನವರೆಗೆ ಕೋಡ್ ಹೋಗುವುದೇ ಇಲ್ಲ. ನೀವು ಅದೇ ಮಾಡೆಲನ್ನು ವ್ಯೂಗೆ ಮರಳಿಸುತ್ತೀರಿ, ಪಟ್ಟಿಗಳು ಇನ್ನೂ ನಲ್ ಆಗಿರುವುದರಿಂದ ಡ್ರಾಪ್‌ಡೌನ್‌ಗಳು ಖಾಲಿಯಾಗಿ ಮೂಡುತ್ತವೆ. ಸೆಲೆಕ್ಟ್ ಟ್ಯಾಗ್ ಹೆಲ್ಪರ್ (ಸರ್ವರ್‌ನಲ್ಲಿ ಸೆಲೆಕ್ಟ್ ಟ್ಯಾಗ್‌ನ ಎಚ್‌ಟಿಎಂಎಲ್ ಸಿದ್ಧಪಡಿಸುವ ಘಟಕ) ನಲ್ ಪಟ್ಟಿಯನ್ನು ಖಾಲಿ ಪಟ್ಟಿಯೆಂದು ಪರಿಗಣಿಸಿ ಸುಮ್ಮನಾಗುತ್ತದೆ. ಹಳೆಯ ಡ್ರಾಪ್‌ಡೌನ್‌ಲಿಸ್ಟ್‌ಫಾರ್ ಬಳಸಿದ್ದರೆ ಎಕ್ಸೆಪ್ಷನ್ ಎಸೆದಾದರೂ ಎಚ್ಚರಿಸುತ್ತಿತ್ತು.

ಸಂದೇಶ ಏಕೆ ಕಾಣುತ್ತಿಲ್ಲವೆಂದರೆ, ದೋಷ ದಾಖಲಾಗಿರುವುದು ತಾಲೂಕ್ಸ್ ಎಂಬ ಹೆಸರಿನಲ್ಲಿ. ನೀವು ಬಹುಶಃ ವ್ಯಾಲಿಡೇಷನ್ ಸಂದೇಶದ ಸ್ಪ್ಯಾನ್ ಇಟ್ಟಿರುವುದು ತಾಲೂಕ್‌ಐಡಿಗೆ. ಸ್ಕ್ಯಾಫೋಲ್ಡಿಂಗ್ (ತಾನಾಗಿ ಕೋಡ್ ಸಿದ್ಧಪಡಿಸುವ ಸಾಧನ) ಬರೆದುಕೊಡುವ ವ್ಯಾಲಿಡೇಷನ್ ಸಮರಿಯಲ್ಲಿ (ದೋಷಸಂದೇಶಗಳನ್ನು ಒಟ್ಟಾಗಿ ತೋರಿಸುವ ಜಾಗ) ಮಾಡೆಲ್‌ಓನ್ಲಿ ಎಂದಿರುತ್ತದೆ, ಅದು ಯಾವುದೇ ಪ್ರಾಪರ್ಟಿಗೆ ಸೇರಿದ ದೋಷವನ್ನು ತೋರಿಸುವುದಿಲ್ಲ. ತಾತ್ಕಾಲಿಕವಾಗಿ ಅದನ್ನು ಆಲ್ ಎಂದು ಬದಲಿಸಿ ಒಮ್ಮೆ ಸಲ್ಲಿಸಿ ನೋಡಿ, ಎರಡೂ ಪಟ್ಟಿಗಳ ಹೆಸರಿನಲ್ಲಿ ದೂರು ಬಂದಿರುತ್ತದೆ. ಇಂತಹ ಮೌನದ ತೊಂದರೆಗಳಲ್ಲಿ ನಾನು ಮೊದಲು ಮಾಡುವುದು ಇದನ್ನೇ.

ಈಗ ಪರಿಹಾರ. ಪಟ್ಟಿಗಳ ಘೋಷಣೆಯಲ್ಲಿ ಟೈಪ್‌ನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಸೇರಿಸಿ, ಇಲ್ಲವೇ ಅವುಗಳಿಗೆ ವ್ಯಾಲಿಡೇಟ್‌ನೆವರ್ (ಪರಿಶೀಲನೆ ಬೇಡವೆಂದು ಹೇಳುವ) ಆಟ್ರಿಬ್ಯೂಟ್ ಹಾಕಿ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಈ ಪ್ರಾಪರ್ಟಿ ಬಳಕೆದಾರರಿಂದ ಬರುವಂಥದ್ದಲ್ಲ ಎಂಬುದನ್ನು ಅದು ಓದುವವರಿಗೂ ಹೇಳುತ್ತದೆ. ಬಳಿಕ ಪಟ್ಟಿ ತುಂಬುವ ಕೆಲಸವನ್ನು ಗೆಟ್ ಆಕ್ಷನ್‌ನಿಂದ ಹೊರತೆಗೆದು ಒಂದು ಖಾಸಗಿ ಮೆಥಡ್ ಮಾಡಿ. ಗೆಟ್‌ನಲ್ಲಿ ಒಮ್ಮೆ, ಪೋಸ್ಟ್‌ನಲ್ಲಿ ಮಾಡೆಲ್‌ಸ್ಟೇಟ್ ಅಸಿಂಧುವಾಗಿ ಪುಟವನ್ನು ಮರಳಿಸುವ ಮುನ್ನ ಇನ್ನೊಮ್ಮೆ ಅದನ್ನು ಕರೆಯಿರಿ. ಎರಡನೇ ಸಲ ತಾಲ್ಲೂಕುಗಳನ್ನು ತರುವಾಗ, ಬಂದಿರುವ ಡಿಸ್ಟ್ರಿಕ್ಟ್‌ಐಡಿಯ ಆಧಾರದ ಮೇಲೆಯೇ ತರಬೇಕು. ಆಯ್ಕೆಯನ್ನು ಗುರುತಿಸಲು ಸೆಲೆಕ್ಟ್‌ಲಿಸ್ಟ್‌ಐಟಂನ ಸೆಲೆಕ್ಟೆಡ್ ಅನ್ನು ನೀವು ಮುಟ್ಟಬೇಕಾಗಿಲ್ಲ. ಎಎಸ್‌ಪಿ-ಫಾರ್‌ಗೆ ಕೊಟ್ಟ ಪ್ರಾಪರ್ಟಿಯಲ್ಲಿ ಮೌಲ್ಯವಿದ್ದರೆ ಟ್ಯಾಗ್ ಹೆಲ್ಪರ್ ಅದನ್ನೇ ನೋಡಿ ಗುರುತಿಸುತ್ತದೆ.

ಐಡಿಗಳನ್ನು ಇಂಟ್ ಬದಲು ನಲ್ಲಬಲ್ ಇಂಟ್ ಮಾಡಿ ರಿಕ್ವಯರ್ಡ್ ಹಾಕುವುದು ಒಳ್ಳೆಯದು. ಬರೀ ಇಂಟ್‌ಗೆ ನಲ್ ಎಂಬ ಸ್ಥಿತಿಯೇ ಇಲ್ಲವಾದ್ದರಿಂದ, “ತಾಲ್ಲೂಕನ್ನು ಆರಿಸಿ” ಎಂಬ ಖಾಲಿ ಸಾಲನ್ನು ಬಿಟ್ಟು ಸಲ್ಲಿಸಿದವರಿಗೆ ನೀವು ಕನ್ನಡದಲ್ಲಿ ಬರೆದ ಸಂದೇಶ ಕಾಣುವ ಬದಲು ಮೌಲ್ಯ ಸರಿಯಿಲ್ಲವೆಂಬ ಇಂಗ್ಲಿಷ್ ವಾಕ್ಯ ಕಾಣುತ್ತದೆ.

ಕೊನೆಯದಾಗಿ, ಬಂದಿರುವ ತಾಲ್ಲೂಕು ಬಂದಿರುವ ಜಿಲ್ಲೆಗೆ ಸೇರಿದ್ದೇ ಎಂಬುದನ್ನು ಸರ್ವರ್‌ನಲ್ಲಿ ಪರಿಶೀಲಿಸಿಯೇ ಸೇವ್ ಮಾಡಿ. ಡ್ರಾಪ್‌ಡೌನ್ ಇದೆಯೆಂದ ಮಾತ್ರಕ್ಕೆ ಅದರಲ್ಲಿರುವ ಮೌಲ್ಯಗಳಷ್ಟೇ ಬರುತ್ತವೆ ಎನ್ನಲಾಗದು. ಡೆವಲಪರ್ ಟೂಲ್ಸ್‌ನಲ್ಲಿ ಆಪ್ಷನ್‌ನ ವ್ಯಾಲ್ಯೂ ಬದಲಿಸಿ ಕಳುಹಿಸಲು ವಿಶೇಷ ಜ್ಞಾನವೇನೂ ಬೇಕಿಲ್ಲ.

ಅಡಿಕೆತೋಟ

ಕಣಜ ಅವರ ವಿವರಣೆ ಸರಿಯಾಗಿದೆ. ಆದರೆ ಪಟ್ಟಿಗಳು ವ್ಯೂ ಮಾಡೆಲ್‌ನೊಳಗೇ ಇರಬೇಕೆಂದೇನೂ ಇಲ್ಲ. ವ್ಯೂಬ್ಯಾಗ್‌ನಲ್ಲಿ (ಕಂಟ್ರೋಲರ್‌ನಿಂದ ವ್ಯೂಗೆ ಮಾಹಿತಿ ಸಾಗಿಸುವ ಚೀಲ) ಇಟ್ಟರೆ ವ್ಯಾಲಿಡೇಷನ್‌ನ ಈ ಗೋಜೇ ಬರುವುದಿಲ್ಲ, ಸ್ಕ್ಯಾಫೋಲ್ಡಿಂಗ್ ಕೂಡ ಹಾಗೆಯೇ ಬರೆದುಕೊಡುತ್ತದೆ. ಒಂದೆರಡು ಡ್ರಾಪ್‌ಡೌನ್ ಇರುವ ಫಾರ್ಮಿಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಪೋಸ್ಟ್‌ನಲ್ಲಿ ಪಟ್ಟಿಯನ್ನು ಮತ್ತೆ ತುಂಬುವ ಹೊಣೆ ಎರಡೂ ದಾರಿಗಳಲ್ಲಿ ಒಂದೇ.

ಕಣಜ

ಒಪ್ಪುತ್ತೇನೆ, ಕೆಲಸವಂತೂ ನಡೆಯುತ್ತದೆ. ನನ್ನ ಹಿಂಜರಿಕೆಗೆ ಕಾರಣ ಕಾಗುಣಿತ. ವ್ಯೂಬ್ಯಾಗ್ ಡೈನಮಿಕ್ ಆಗಿರುವುದರಿಂದ ಕಂಟ್ರೋಲರ್‌ನಲ್ಲಿ ತಾಲೂಕ್ಸ್ ಎಂದು ಬರೆದು ವ್ಯೂನಲ್ಲಿ ತಾಲೂಕ್ ಎಂದು ಬರೆದರೆ ಕಂಪೈಲರ್ ತಡೆಯುವುದಿಲ್ಲ, ಟ್ಯಾಗ್ ಹೆಲ್ಪರ್ ಮತ್ತದೇ ಖಾಲಿ ಡ್ರಾಪ್‌ಡೌನ್ ಮೂಡಿಸುತ್ತದೆ. ಮಾಡೆಲ್‌ನಲ್ಲಿದ್ದರೆ ಆ ದೋಷ ಪುಟ ಕಂಪೈಲ್ ಆಗುವಾಗಲೇ ಸಿಕ್ಕಿಬೀಳುತ್ತದೆ.

ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ಸಮರಿಯನ್ನು ಆಲ್ ಎಂದು ಬದಲಿಸಿದ ಕೂಡಲೇ ಎರಡು ಪಟ್ಟಿಗಳೂ ಕಡ್ಡಾಯವೆಂಬ ಸಂದೇಶ ಕಾಣಿಸಿತು. ವ್ಯಾಲಿಡೇಟ್‌ನೆವರ್ ಹಾಕಿದ ಮೇಲೆ ದಾಖಲೆ ಸೇವ್ ಆಗುತ್ತಿದೆ, ತಪ್ಪು ಮೊಬೈಲ್ ಸಂಖ್ಯೆ ಬರೆದು ಸಲ್ಲಿಸಿದಾಗ ಪಟ್ಟಿಗಳು ಆಯ್ಕೆಯ ಸಮೇತ ಮರಳಿ ಬರುತ್ತಿವೆ.

ಆದರೆ ಇನ್ನೆರಡು ಸಂಗತಿಗಳು ಎದುರಾಗಿವೆ. ಒಂದು: ಜಿಲ್ಲೆಗೂ ತಾಲ್ಲೂಕಿಗೂ ಹೊಂದಿಕೆಯಾಗದಿದ್ದರೆ ಆ ಜಿಲ್ಲಾಕೇಂದ್ರದ ತಾಲ್ಲೂಕನ್ನು ಆರಿಸಿ ತೋರಿಸೋಣವೆಂದು ಪೋಸ್ಟ್ ಆಕ್ಷನ್‌ನಲ್ಲಿ ತಾಲೂಕ್‌ಐಡಿಗೆ ಬೇರೆ ಮೌಲ್ಯ ಕೊಟ್ಟೆ. ಡಿಬಗರ್‌ನಲ್ಲಿ ಹೊಸ ಮೌಲ್ಯ ಇದೆ, ಪುಟದಲ್ಲಿ ಮಾತ್ರ ಅದು ಆಯ್ಕೆಯಾಗುತ್ತಿಲ್ಲ.

ಎರಡನೆಯದು ಹೆಚ್ಚು ಗಂಭೀರ. ನಮ್ಮ ಬಳಿ 2020ರ ಕೆಲವು ಹಳೆಯ ಅರ್ಜಿಗಳಿವೆ. ಅವುಗಳಲ್ಲಿ ಹರಪನಹಳ್ಳಿಯವರ ಜಿಲ್ಲೆ ಬಳ್ಳಾರಿ ಎಂದಿದೆ. ತಿದ್ದುಪಡಿ ಪುಟದಲ್ಲಿ ಅಂತಹ ಅರ್ಜಿಯನ್ನು ತೆರೆದರೆ ತಾಲ್ಲೂಕಿನ ಜಾಗದಲ್ಲಿ ಕಂಪ್ಲಿ ಎಂದು ತೋರಿಸುತ್ತದೆ. ಮೊಬೈಲ್ ಸಂಖ್ಯೆಯನ್ನಷ್ಟೇ ತಿದ್ದಿ ಸೇವ್ ಮಾಡಿದರೂ ಟೇಬಲ್‌ನಲ್ಲಿ ಅರ್ಜಿದಾರರು ಕಂಪ್ಲಿಯವರಾಗಿಬಿಡುತ್ತಾರೆ. ಈ ಪುಟದಲ್ಲಿ ಆಯ್ಕೆ ಹೇಗೂ ಇದ್ದೇ ಇರುತ್ತದೆಂದು “ತಾಲ್ಲೂಕನ್ನು ಆರಿಸಿ” ಎಂಬ ಖಾಲಿ ಸಾಲನ್ನು ಇಟ್ಟಿಲ್ಲ.

ಕಣಜ

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಪೋಸ್ಟ್ ಆದ ನಂತರ ಅದೇ ಪುಟವನ್ನು ಮರಳಿಸುವಾಗ ಟ್ಯಾಗ್ ಹೆಲ್ಪರ್‌ಗಳು ಮಾಡೆಲ್‌ಗಿಂತ ಮೊದಲು ಮಾಡೆಲ್‌ಸ್ಟೇಟನ್ನು ನೋಡುತ್ತವೆ. ಬಳಕೆದಾರರು ಕಳುಹಿಸಿದ ಮೌಲ್ಯ ಅಲ್ಲಿ ಉಳಿದಿರುತ್ತದೆ; ತಪ್ಪು ಬರೆದವರಿಗೆ ತಾವು ಬರೆದದ್ದೇ ಮತ್ತೆ ಕಾಣಲಿ ಎಂಬುದು ಅದರ ಉದ್ದೇಶ. ಮಾಡೆಲ್‌ಸ್ಟೇಟ್‌ನ ರಿಮೂವ್ ಮೆಥಡ್‌ಗೆ ತಾಲೂಕ್‌ಐಡಿ ಎಂಬ ಹೆಸರು ಕೊಟ್ಟು ತೆಗೆದರೆ ನೀವು ಇಟ್ಟ ಮೌಲ್ಯ ಕಾಣುತ್ತದೆ. ಆದರೂ ಅರ್ಜಿದಾರರ ಪರವಾಗಿ ನೀವು ತಾಲ್ಲೂಕನ್ನು ಆರಿಸಬೇಡಿ ಎಂದೇ ಹೇಳುತ್ತೇನೆ. ಖಾಲಿ ಸಾಲನ್ನು ತೋರಿಸಿ, ಸಂದೇಶ ಕೊಟ್ಟು, ಅವರೇ ಆರಿಸುವಂತೆ ಬಿಡುವುದು ಕ್ಷೇಮ.

ಎರಡನೆಯದರ ಮೂಲ ಎಚ್‌ಟಿಎಂಎಲ್‌ನ ನಿಯಮದಲ್ಲಿದೆ. ಒಂದೇ ಆಯ್ಕೆಯ ಸಾಮಾನ್ಯ ಡ್ರಾಪ್‌ಡೌನ್‌ನಲ್ಲಿ ಯಾವ ಆಪ್ಷನ್‌ಗೂ ಸೆಲೆಕ್ಟೆಡ್ ಇಲ್ಲದಿದ್ದರೆ, ಡಿಸೇಬಲ್ ಆಗಿಲ್ಲದ ಮೊದಲ ಆಪ್ಷನ್ ತಾನೇ ಆಯ್ಕೆಯಾಗುತ್ತದೆ. ನಿಮ್ಮ ತಾಲ್ಲೂಕು ಟೇಬಲ್‌ನಲ್ಲಿ ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯ ಅಡಿಯಲ್ಲಿದೆ. ಅರ್ಜಿಯಲ್ಲಿರುವ ಜಿಲ್ಲೆ ಬಳ್ಳಾರಿ, ಆದ್ದರಿಂದ ಪಟ್ಟಿಗೆ ಬರುವುದು ಕಂಪ್ಲಿ, ಕುರುಗೋಡು, ಬಳ್ಳಾರಿ, ಸಂಡೂರು, ಸಿರುಗುಪ್ಪ ಮಾತ್ರ. ಮಾಡೆಲ್‌ನಲ್ಲಿರುವ ಐಡಿಗೆ ಹೊಂದುವ ಸಾಲು ಅಲ್ಲಿಲ್ಲವಾದ್ದರಿಂದ ಯಾವುದೂ ಗುರುತಾಗುವುದಿಲ್ಲ, ಬ್ರೌಸರ್ ಮೊದಲನೆಯದಾದ ಕಂಪ್ಲಿಯನ್ನು ಹಿಡಿದುಕೊಳ್ಳುತ್ತದೆ. ಸರ್ವರ್‌ಗೆ ಬರುವುದು ಸಿಂಧುವಾದ ಐಡಿ, ಅದು ಬಳ್ಳಾರಿಗೆ ಸೇರಿದ್ದೂ ಹೌದು. ಹಾಗಾಗಿ ನಾನು ಮೇಲೆ ಹೇಳಿದ ಪರಿಶೀಲನೆಯನ್ನೂ ಅದು ದಾಟಿಹೋಗುತ್ತದೆ. ತಿದ್ದುಪಡಿ ಪುಟಕ್ಕೂ ವ್ಯಾಲ್ಯೂ ಇಲ್ಲದ ಖಾಲಿ ಸಾಲನ್ನು ಮೊದಲಿಗೆ ಇಟ್ಟರೆ, ಹೊಂದಿಕೆ ತಪ್ಪಿದ ದಾಖಲೆಗಳಲ್ಲಿ ಕನಿಷ್ಠಪಕ್ಷ ರಿಕ್ವಯರ್ಡ್ ಸಂದೇಶ ಬರುತ್ತದೆ, ದತ್ತಾಂಶ ಸದ್ದಿಲ್ಲದೆ ಬದಲಾಗುವುದು ನಿಲ್ಲುತ್ತದೆ. ಇದನ್ನು ಇಂದೇ ಮಾಡಿ.

ಆದರೆ ನಿಜವಾದ ಚಿಕಿತ್ಸೆ ಟೇಬಲ್‌ನ ವಿನ್ಯಾಸಕ್ಕೆ ಆಗಬೇಕು. ಹರಪನಹಳ್ಳಿಯ ಉದಾಹರಣೆಯನ್ನೇ ನೋಡಿ: 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಬಳ್ಳಾರಿಯಿಂದ ಅಲ್ಲಿಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಕದಲಲಿಲ್ಲ, ಜಿಲ್ಲೆ ಮೂರು ಸಲ ಬದಲಾಯಿತು. ತಾಲ್ಲೂಕು ಯಾವ ಜಿಲ್ಲೆಯದೆಂಬುದು ತಾಲ್ಲೂಕು ಟೇಬಲ್‌ನಲ್ಲೇ ಇರುವಾಗ ಅದೇ ಸಂಗತಿಯನ್ನು ಪ್ರತಿಯೊಂದು ಅರ್ಜಿಯಲ್ಲೂ ಮತ್ತೆ ಬರೆದಿಟ್ಟರೆ, ಎರಡು ಕಡೆಯ ಮಾತು ಒಂದು ದಿನ ಬೇರೆಯಾಗಲೇಬೇಕು. ಅರ್ಜಿಯ ಎಂಟಿಟಿಯಲ್ಲಿ ತಾಲೂಕ್‌ಐಡಿ ಮಾತ್ರ ಫಾರಿನ್ ಕೀ (ಬೇರೆ ಟೇಬಲ್‌ನ ಸಾಲನ್ನು ಸೂಚಿಸುವ ಮೌಲ್ಯ) ಆಗಿರಲಿ. ಡಿಸ್ಟ್ರಿಕ್ಟ್‌ಐಡಿಯು ವ್ಯೂ ಮಾಡೆಲ್‌ನಲ್ಲಿ, ತಾಲ್ಲೂಕಿನ ಪಟ್ಟಿಯನ್ನು ಸೋಸುವ ಸಾಧನವಾಗಿ ಇದ್ದರೆ ಸಾಕು. ತಿದ್ದುಪಡಿ ಪುಟ ತೆರೆಯುವಾಗ ಅರ್ಜಿಯ ತಾಲ್ಲೂಕನ್ನು ಓದಿ, ಆ ತಾಲ್ಲೂಕಿನ ಈಗಿನ ಜಿಲ್ಲೆಯನ್ನು ಡಿಸ್ಟ್ರಿಕ್ಟ್‌ಐಡಿಗೆ ತುಂಬಿ, ಆಮೇಲೆ ಪಟ್ಟಿ ತನ್ನಿ. ಆಗ ಹಳೆಯ ಅರ್ಜಿಯೂ ವಿಜಯನಗರ, ಹರಪನಹಳ್ಳಿ ಎಂದೇ ತೆರೆದುಕೊಳ್ಳುತ್ತದೆ.

ಅರ್ಜಿ ಸಲ್ಲಿಸಿದ ಕಾಲದ ಜಿಲ್ಲೆ ವರದಿಗಳಿಗೆ ಬೇಕೇ ಬೇಕು ಎಂದಾದರೆ ಅದನ್ನು ಬೇರೊಂದು ಕಾಲಮ್‌ನಲ್ಲಿ, ಫಾರ್ಮಿಗೆ ಬೈಂಡ್ ಆಗದಂತೆ, ಸೇವ್ ಆಗುವ ಕ್ಷಣದಲ್ಲಿ ಸರ್ವರ್ ಬರೆದಿಡಲಿ.

ಹೆಸರನ್ನು ವ್ಯಾಲ್ಯೂ ಆಗಿ ಇಡುವ ಅಭ್ಯಾಸ ಇರುವವರಿಗೂ ಇದೇ ಕಾರಣದಿಂದ ತೊಂದರೆಯಾಗುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಐಡಿ ಇಟ್ಟವರು ಒಂದು ಸಾಲು ತಿದ್ದಿದರೆ ಸಾಕಾಗಿತ್ತು. ಸರ್ಕಾರದ ಇತರ ದತ್ತಾಂಶಗಳೊಂದಿಗೆ ಹೋಲಿಸುವ ಅಗತ್ಯವಿದ್ದರೆ, ಕೇಂದ್ರ ಪಂಚಾಯತಿ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆ ನೀಡಿರುವ ಕೋಡ್‌ಗಳನ್ನು ಒಂದು ಕಾಲಮ್‌ನಲ್ಲಿ ಸೇರಿಸಿಕೊಳ್ಳಿ.

ಅಡಿಕೆತೋಟ

ಜಿಲ್ಲೆ ಬದಲಾದಾಗ ತಾಲ್ಲೂಕುಗಳನ್ನು ತರುವ ಜಾವಾಸ್ಕ್ರಿಪ್ಟ್ ಭಾಗದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಕೆಲವು ಮಾತು ಸೇರಿಸುತ್ತೇನೆ. ಕಂಟ್ರೋಲರ್‌ನಿಂದ ಜೇಸನ್ (ದತ್ತಾಂಶ ಸಾಗಿಸುವ ಪಠ್ಯರೂಪ) ಆಗಿ ಕಳುಹಿಸಿದಾಗ ಪ್ರಾಪರ್ಟಿಗಳ ಹೆಸರಿನ ಮೊದಲಕ್ಷರ ಸಣ್ಣದಾಗುತ್ತದೆ. ಸಿ ಶಾರ್ಪ್‌ನಲ್ಲಿ ದೊಡ್ಡಕ್ಷರದಿಂದ ಬರೆದ ಟೆಕ್ಸ್ಟ್, ವ್ಯಾಲ್ಯೂಗಳನ್ನು ಸ್ಕ್ರಿಪ್ಟ್‌ನಲ್ಲಿಯೂ ಹಾಗೆಯೇ ಬರೆದರೆ ಡ್ರಾಪ್‌ಡೌನ್ ತುಂಬ ಅನ್‌ಡಿಫೈನ್ಡ್ ಎಂಬ ಪದವೇ ಸಾಲುಗಟ್ಟುತ್ತದೆ.

ಪಟ್ಟಿ ಬರುವವರೆಗೆ ತಾಲ್ಲೂಕಿನ ಡ್ರಾಪ್‌ಡೌನನ್ನು ಡಿಸೇಬಲ್ ಮಾಡುವುದು ಸರಿ, ಆದರೆ ಬಂದ ಮೇಲೆ ತೆರೆಯಲು ಮರೆಯಬಾರದು. ಡಿಸೇಬಲ್ ಆದ ಕಂಟ್ರೋಲ್‌ನ ಮೌಲ್ಯವನ್ನು ಬ್ರೌಸರ್ ಕಳುಹಿಸುವುದೇ ಇಲ್ಲ. ಕಣ್ಣಿಗೆ ಹೊಸದುರ್ಗ ಎಂದು ಕಾಣುತ್ತಿದ್ದರೂ ಸರ್ವರ್‌ನಲ್ಲಿ ತಾಲೂಕ್‌ಐಡಿ ನಲ್ ಆಗಿರುತ್ತದೆ. ನೆಟ್‌ವರ್ಕ್ ನಿಧಾನವಿರುವ ಕಡೆ ಇನ್ನೊಂದು ತೊಡಕಿದೆ. ಮೊದಲು ಬೀದರ್ ಆರಿಸಿ, ತಕ್ಷಣವೇ ಚಿತ್ರದುರ್ಗಕ್ಕೆ ಬದಲಿಸಿದಾಗ ಎರಡು ವಿನಂತಿಗಳು ಹೋಗುತ್ತವೆ, ಬೀದರಿನ ಉತ್ತರ ತಡವಾಗಿ ಬಂದರೆ ಚಿತ್ರದುರ್ಗದ ಕೆಳಗೆ ಔರಾದ, ಭಾಲ್ಕಿಗಳು ಕುಳಿತುಬಿಡುತ್ತವೆ. ಹೊಸ ವಿನಂತಿ ಕಳುಹಿಸುವ ಮುನ್ನ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್ ಮೂಲಕ ರದ್ದುಪಡಿಸಿ.

ವರ್ಣಮಾಲೆ

ಪಟ್ಟಿಯ ಕ್ರಮದ ಬಗ್ಗೆ ಒಂದು ಮಾತು. ತುಂಗಾತೀರ ಅವರು ಕನ್ನಡ ಹೆಸರಿನ ಮೇಲೆ ಆರ್ಡರ್‌ಬೈ ಮಾಡಿರಬಹುದು. ಯೂನಿಕೋಡ್‌ನಲ್ಲಿ ಳ ಅಕ್ಷರದ ಸಂಕೇತ ಲ ಅಕ್ಷರದ ಮುಂದಿನದೇ ಆಗಿದ್ದು, ವ, ಶ, ಷ, ಸ, ಹ ಅದರ ನಂತರ ಬರುತ್ತವೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯದು. ಸಂಕೇತಗಳ ಕ್ರಮದಲ್ಲೇ ವಿಂಗಡಿಸಿದರೆ ಚಿತ್ರದುರ್ಗ ಜಿಲ್ಲೆಯಲ್ಲಿ ಹೊಳಲ್ಕೆರೆ ಮೊದಲು ಬಂದು ಹೊಸದುರ್ಗ ನಂತರ ಬರುತ್ತದೆ. ನಿಘಂಟಿನ ಕ್ರಮದಲ್ಲಿ ಇದು ತಿರುವುಮುರುವಾಗಬೇಕು. ಆರು ತಾಲ್ಲೂಕುಗಳ ಪಟ್ಟಿಯಲ್ಲಿ ಇದು ಯಾರಿಗೂ ಅಡ್ಡಿಯಾಗದು ಎಂದು ಕೆಲವರು ಹೇಳಬಹುದು, ಆದರೆ ಹೋಬಳಿ, ಗ್ರಾಮಗಳ ಮಟ್ಟಕ್ಕೆ ಇಳಿದಾಗ ಹುಡುಕುವವರ ಕಣ್ಣು ತಪ್ಪುತ್ತದೆ.

ಡೇಟಾಬೇಸ್‌ನ ಕೊಲೇಷನ್ (ಅಕ್ಷರಗಳನ್ನು ವಿಂಗಡಿಸುವ ನಿಯಮ) ಯಾವ ಕ್ರಮ ಕೊಡುತ್ತದೆಂದು ಪ್ರತಿಯೊಂದು ಸರ್ವರ್‌ನಲ್ಲೂ ಪರೀಕ್ಷಿಸುತ್ತ ಕೂರುವುದಕ್ಕಿಂತ, ತಾಲ್ಲೂಕು ಟೇಬಲ್‌ನಲ್ಲಿಯೇ ಕ್ರಮಸಂಖ್ಯೆಯ ಕಾಲಮ್ ಒಂದನ್ನು ಇಟ್ಟು ಅದರ ಮೇಲೆ ವಿಂಗಡಿಸುವುದು ಸುಲಭ. ಇದನ್ನು ಮಾಡುವಾಗ ಪುಟ ಮೊದಲು ತೆರೆಯುವಾಗಿನ ಕ್ವೆರಿಗೂ ಜೇಸನ್ ಕಳುಹಿಸುವ ಕ್ವೆರಿಗೂ ಒಂದೇ ಮೆಥಡ್ ಬಳಸಿ. ಬೇರೆ ಬೇರೆ ಬರೆದರೆ, ಜಿಲ್ಲೆಯನ್ನು ಒಮ್ಮೆ ಬದಲಿಸಿ ಮತ್ತೆ ಚಿತ್ರದುರ್ಗಕ್ಕೆ ಬಂದಾಗ ಅದೇ ಆರು ಹೆಸರುಗಳು ಬೇರೆ ಕ್ರಮದಲ್ಲಿ ನಿಂತಿರುತ್ತವೆ.